ಮಕ್ಕಳು ಸೈಕಲಲ್ಲಿ ಶಾಲೆಗೆ ಹೋಗುವಂತಾಗ್ಲಿಕ್ಕೆ ಶಾಲೆಗಳು ಎಂತ ಮಾಡಬಹುದು? (ಮಂಗಳೂರು–ಉಡುಪಿ)

ಕೊಂಚಾಡಿಯ ಅಮ್ಮ

ಮಗ ಏಳನೇ ಕ್ಲಾಸು, ಮಗಳು ಐದನೇ. ಮನೆಯಿಂದ ಶಾಲೆಗೆ ಎರಡು ಕಿಲೋಮೀಟರೂ ಇಲ್ಲ. ಇಷ್ಟು ಹತ್ತಿರಕ್ಕೆ ಬೆಳಿಗ್ಗೆ ಸ್ಕೂಟರಲ್ಲಿ ಬಿಟ್ಟು ಬರ್ತೇನೆ, ಸಂಜೆ ಪುನಃ ಹೋಗಿ ಕರ್ಕೊಂಡು ಬರ್ತೇನೆ. ನನ್ನ ಹಾಗೆಯೇ ಬಂದವರ ಸ್ಕೂಟರು, ಕಾರು, ರಿಕ್ಷಾ, ವ್ಯಾನು ಎಲ್ಲ ಗೇಟಿನ ಎದುರು ಸೇರಿದರೆ ನಡೆದು ಬರುವ ಮಕ್ಕಳಿಗೆ ಕಾಲಿಡ್ಲಿಕ್ಕೆ ಜಾಗ ಇರುವುದಿಲ್ಲ. ಮಗನಿಗೆ ಸೈಕಲ್ ಉಂಟು, ಕಾಂಪೌಂಡಿನ ಒಳಗೆ ಚೆನ್ನಾಗಿ ಬಿಡ್ತಾನೆ. ಆದ್ರೆ ಶಾಲೆಯ ಡೈರಿಯಲ್ಲೇ ಬರೆದಿದ್ದಾರೆ, ಸೈಕಲ್ ತರಬಾರದು ಅಂತ. ಕೇಳಿದ್ದಕ್ಕೆ, "ದಾರಿಯಲ್ಲಿ ಎಂತಾದ್ರೂ ಆದ್ರೆ ಯಾರು ಜವಾಬ್ದಾರಿ?" ಅಂದ್ರು.

ಮುಂದಿನ ಪೋಷಕರ ಸಭೆಗೆ ಬರೀ ಆಸೆ ಹೇಳ್ಲಿಕ್ಕೆ ಹೋಗುವುದು ಬೇಡ, ಸರಿಯಾದೊಂದು ಯೋಜನೆ ತೆಗೊಂಡು ಹೋಗಬೇಕು ಅಂತಿದ್ದೇನೆ. ಜನವರಿಯಲ್ಲಿ ರಸ್ತೆ ಸುರಕ್ಷತಾ ಮಾಸ ಬರ್ತದೆ. ಭಾಷಣ, ಜಾಥಾ, ಚಿತ್ರ ಬಿಡಿಸುವ ಸ್ಪರ್ಧೆ ಎಲ್ಲ ಆಗ್ತದೆ. ಆದ್ರೆ ಮಗುವನ್ನು ಸೈಕಲ್ ಮೇಲೆ ಕೂರಿಸಿ, ಹಿಂದೆ ನೋಡಿ ಬಲಕ್ಕೆ ತಿರುಗುವುದು ಹೇಗೆ ಅಂತ ಯಾರೂ ಕಲಿಸುವುದಿಲ್ಲ. ಅದನ್ನು ಶಾಲೆಯೇ ಕಲಿಸಬೇಕು ಅಂತ ನನ್ನ ಮಾತು. ಗೊತ್ತಿದ್ದವರು ಹೇಳಿ.

ನಂತೂರು ನಿವಾಸಿ

ಅಕ್ಕ, ನಿಮ್ಮ ಆಸೆ ಒಳ್ಳೆಯದೇ. ಆದ್ರೆ ಶಾಲೆಯವರು ಹೇಳಿದ್ದರಲ್ಲಿ ನನಗೆ ತಪ್ಪು ಕಾಣುವುದಿಲ್ಲ. ಹೆದ್ದಾರಿ 66ಕ್ಕೆ ಕುಲಶೇಖರ, ಮಲ್ಲಿಕಟ್ಟೆ ಕಡೆಯ ರಸ್ತೆಗಳು ಬಂದು ಸೇರುವ ನಂತೂರನ್ನು ಬೈಕಲ್ಲಿ ದಾಟ್ಲಿಕ್ಕೆ ನನಗೇ ಧೈರ್ಯ ಸಾಲುವುದಿಲ್ಲ. ಜೂನಿಂದ ಸೆಪ್ಟೆಂಬರ್ ತನಕ ಮಳೆ, ಎಲ್ಲಿ ನೋಡಿದರೂ ಏರು-ಇಳಿಜಾರು, ಮೇಲಿಂದ ಟೈಮಿಂಗಿಗೆ ಓಡುವ ಬಸ್ಸುಗಳು. ಮಕ್ಕಳು ನಮ್ಮವು. ಸೈಕಲಿಗೇ ಹೆಸರಾದ ಹಾಲೆಂಡಿನ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಪಿಟಿ ಮಾಷ್ಟ್ರು, ಕಾಪು ಕಡೆ

ನಂತೂರನ್ನು ಮಗು ಸೈಕಲಲ್ಲಿ ದಾಟಬೇಕು ಅಂತ ಇಲ್ಲಿ ಯಾರೂ ಹೇಳಲಿಲ್ಲ ಮಾರಾಯ್ರೆ. ಹೆದ್ದಾರಿ ದಾಟಿ ಬರುವ ಮಗುವಿಗೆ ಸೈಕಲ್ ಬೇಡ, ಅದಕ್ಕೆ ಬಸ್ಸೇ ಆಗಬೇಕು. ಆದ್ರೆ ಹೆದ್ದಾರಿಯ ಒಂದೇ ಬದಿಯಲ್ಲಿ ಮನೆಯೂ ಶಾಲೆಯೂ ಇರುವ ಮಕ್ಕಳು ಎಷ್ಟಿಲ್ಲ? ಅಶೋಕನಗರ, ಹೊಯಿಗೆಬೈಲು, ಮಣ್ಣಗುಡ್ಡ ಕಡೆ ಹೆಚ್ಚು ಏರಿಲ್ಲ. ನಮ್ಮ ಉಡುಪಿ ಕಡೆ ಮಲ್ಪೆಯಿಂದ ಕಾಪುವರೆಗೆ ಸಮುದ್ರದ ಬದಿಯ ದಾರಿ ಪೂರ್ತಿ ಸಮತಟ್ಟು. ಮೊದಲು ಅಂಥ ಕಡೆ ಶುರು ಮಾಡುವ.

ಹಾಲೆಂಡಿನ ಮಾತು ತೆಗೆದಿರಲ್ಲ, ಅದನ್ನೂ ಹೇಳಿಬಿಡ್ತೇನೆ. ಅಲ್ಲಿಯೂ ರಸ್ತೆ ಮೊದಲಿಂದಲೇ ಚಂದ ಇರಲಿಲ್ಲ. 1971ರಲ್ಲಿ ಆ ಸಣ್ಣ ದೇಶದ ರಸ್ತೆಗಳಲ್ಲಿ 3,000ಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ 400ಕ್ಕೂ ಹೆಚ್ಚು ಮಕ್ಕಳು. 'ಮಕ್ಕಳ ಕೊಲೆ ನಿಲ್ಲಿಸಿ' ಅಂತ ಅಪ್ಪ-ಅಮ್ಮಂದಿರು ಬೀದಿಗೆ ಇಳಿದ ಮೇಲೆ ಸರ್ಕಾರ ಬಗ್ಗಿದ್ದು. ಈಗ ಅಲ್ಲಿ ಪ್ರಾಥಮಿಕ ಶಾಲೆಯ ಕೊನೆಯ ವರ್ಷಗಳಲ್ಲಿ, ಹನ್ನೊಂದು-ಹನ್ನೆರಡು ವಯಸ್ಸಿಗೆ, ಮಕ್ಕಳಿಗೆ ಸಂಚಾರ ಪರೀಕ್ಷೆ ಉಂಟು. ಒಂದು ಲಿಖಿತ, ಇನ್ನೊಂದು ಊರಿನ ರಸ್ತೆಯಲ್ಲೇ ಸೈಕಲ್ ಬಿಟ್ಟು ತೋರಿಸುವಂಥದ್ದು. ಇಂಗ್ಲೆಂಡಿನಲ್ಲಿ 2007ರಿಂದ 'ಬೈಕಬಿಲಿಟಿ' ಅಂತ ಮೂರು ಹಂತದ ತರಬೇತಿ ಉಂಟು: ಮೊದಲು ಮೈದಾನ, ಆಮೇಲೆ ಸದ್ದಿಲ್ಲದ ಬೀದಿ, ಕಡೆಗೆ ದೊಡ್ಡ ರಸ್ತೆ. ನಮಗೆ ಸದ್ಯಕ್ಕೆ ಮೊದಲಿನ ಎರಡು ಹಂತ ಧಾರಾಳ ಸಾಕು.

ನಮ್ಮಲ್ಲಿ ಆದದ್ದು ಎಂತ ಅಂದ್ರೆ, 2006–07ರಲ್ಲಿ ಸರ್ಕಾರ ಎಂಟನೇ ಕ್ಲಾಸಿನ ಹುಡುಗಿಯರಿಗೆ ಸೈಕಲ್ ಕೊಡ್ಲಿಕ್ಕೆ ಶುರು ಮಾಡಿತು, ಮರುವರ್ಷ ಹುಡುಗರಿಗೂ ಬಂತು. ನಮ್ಮ ಶಾಲೆಯ ಹಿಂದೆ ಸಾಲು ಸಾಲು ಸೈಕಲ್ ನಿಲ್ಲುತ್ತಿತ್ತು. ಒಳ ಊರಿನ ಹುಡುಗಿಯರು ಹತ್ತನೇ ಕ್ಲಾಸು ಮುಗಿಸಿದ್ದರಲ್ಲಿ ಆ ಸೈಕಲಿನ ಪಾಲು ದೊಡ್ಡದು, ನಾನು ಕಣ್ಣಾರೆ ಕಂಡಿದ್ದೇನೆ. ಬಿಹಾರದಲ್ಲಿ 2006ರ ಇಂಥದ್ದೇ ಯೋಜನೆಯ ಮೇಲೆ ಅಧ್ಯಯನವೇ ಆಗಿದೆ: ಹುಡುಗಿಯರ ಪ್ರೌಢಶಾಲೆ ದಾಖಲಾತಿ 32 ಶೇಕಡ ಏರಿತು ಅಂತ. ನಮ್ಮಲ್ಲಿ ಕೊರೊನಾ ಬಂದ ಮೇಲೆ ಸೈಕಲ್ ನಿಂತಿತು. ಆದ್ರೆ ಕೊಟ್ಟ ಅಷ್ಟೂ ವರ್ಷಗಳಲ್ಲಿ ಸೈಕಲ್ ಜೊತೆಗೆ ಒಂದು ಗಂಟೆಯ ತರಬೇತಿ ಕೊಡಿ ಅಂತ ನಮಗೆ ಯಾರೂ ಹೇಳಲಿಲ್ಲ. ಬೀಗದ ಕೈ ಕೊಟ್ಟು ಸಹಿ ತೆಗೊಂಡರೆ ಮುಗೀತು. ಈ ಕೊರತೆಯನ್ನು ಶಾಲೆಗಳೇ ತುಂಬಬೇಕು.

ಚೈನು-ಪೆಡಲು (ಸೈಕಲ್ ಅಂಗಡಿ)

ತರಬೇತಿಗಿಂತ ಮೊದಲು ಸೈಕಲನ್ನೇ ಸ್ವಲ್ಪ ನೋಡಿ. ನನ್ನ ಅಂಗಡಿಗೆ ಬರುವ ಮಕ್ಕಳ ಸೈಕಲಲ್ಲಿ ಅರ್ಧದಷ್ಟಕ್ಕೆ ಬ್ರೇಕೇ ಸರಿ ಇರುವುದಿಲ್ಲ. ಸಮುದ್ರದ ಉಪ್ಪು ಗಾಳಿಗೆ ಕೇಬಲ್ ತುಕ್ಕು ಹಿಡಿದು ಒಳಗೇ ಬಿಗಿದಿರ್ತದೆ, ಮಗು ಎಷ್ಟು ಒತ್ತಿದರೂ ಬ್ರೇಕ್ ಶೂ ರಿಮ್ಮಿಗೆ ತಾಗುವುದಿಲ್ಲ. ಇದು ಅಪ್ಪ-ಅಮ್ಮನಿಗೆ ಗೊತ್ತೇ ಇಲ್ಲ.

ಎರಡನೆಯದು ಅಳತೆ. "ಬೆಳೀತಾನಲ್ಲ, ದೊಡ್ಡದೇ ಕೊಡಿ" ಅಂತಾರೆ. ಸೀಟಿನ ಮೇಲೆ ಕೂತಾಗ ಎರಡೂ ಕಾಲಿನ ಬೆರಳ ಬುಡ ನೆಲಕ್ಕೆ ಊರಬೇಕು, ಹೊಸದಾಗಿ ಕಲಿಯುವವರಿಗೆ ಇಡೀ ಪಾದ. ಸೈಕಲ್ ನಿಲ್ಲಿಸ್ಲಿಕ್ಕೆ ಕಾಲು ಸಿಗದ ಮಗು ಇಳಿಜಾರಲ್ಲಿ ಎಂತ ಮಾಡ್ತದೆ?

ಮೂರನೆಯದು, ಈಗ ಎಲ್ಲರಿಗೂ ಬೇಕಾದದ್ದು ದಪ್ಪ ಟೈರಿನ ಗೇರ್ ಸೈಕಲ್. ಅದಕ್ಕೆ ಮಡ್‌ಗಾರ್ಡ್ ಇಲ್ಲ, ಕ್ಯಾರಿಯರ್ ಇಲ್ಲ, ಚೈನ್ ಕವರ್ ಇಲ್ಲ, ಕೆಲವಕ್ಕೆ ಬೆಲ್ಲೂ ಇಲ್ಲ. ಕ್ಯಾರಿಯರ್ ಇಲ್ಲದ್ದರಿಂದ ಬ್ಯಾಗ್ ಬೆನ್ನಿಗೆ. ಬ್ಯಾಗ್ ಭಾರ ಮಗುವಿನ ತೂಕದ ಹತ್ತನೇ ಒಂದು ಪಾಲು ದಾಟಬಾರದು ಅಂತ 2019ರಲ್ಲೇ ಸರ್ಕಾರ ಆದೇಶ ಮಾಡಿದೆ, ಪಾಲಿಸುವವರು ಯಾರು? ಆ ಭಾರ ಬೆನ್ನ ಮೇಲಿದ್ದರೆ ತಿರುಗುವಾಗ ಸೈಕಲ್ ಓಲಾಡ್ತದೆ, ಹಿಂದೆ ತಿರುಗಿ ನೋಡ್ಲಿಕ್ಕೂ ಆಗುವುದಿಲ್ಲ. ಶಾಲೆಗೆ ಹೋಗುವ ಸೈಕಲಿಗೆ ಕ್ಯಾರಿಯರ್, ರಬ್ಬರ್ ಪಟ್ಟಿ, ಮಡ್‌ಗಾರ್ಡ್, ಚೈನ್ ಕವರ್, ಬೆಲ್, ಹಿಂದೊಂದು ಕೆಂಪು ರಿಫ್ಲೆಕ್ಟರ್ ಇರ್ಲೇಬೇಕು. ಹುಡುಗಿಯರ ಚೂಡಿದಾರದ ವೇಲು ಚೈನಿಗೆ ಸಿಕ್ಕಿದ್ದನ್ನು ಕತ್ತರಿಸಿ ಬಿಡಿಸಿದ್ದುಂಟು ನಾನು.

ಕೊಂಚಾಡಿಯ ಅಮ್ಮ

ಅಣ್ಣ, ಇದನ್ನು ಹಾಗೆಯೇ ಬರೆದುಕೊಂಡೆ. ಮಳೆಯ ಬಗ್ಗೆ ಹೇಳಿ. ಇಲ್ಲಿಂದ ಕೆಳಗೆ ಕೊಟ್ಟಾರಕ್ಕೆ ಇಳಿಯುವುದನ್ನು ನೆನೆಸಿದರೆ ನನಗೆ ಎದೆ ಧಸಕ್ಕೆನ್ನುತ್ತದೆ.

ಚೈನು-ಪೆಡಲು (ಸೈಕಲ್ ಅಂಗಡಿ)

ರಿಮ್ ಒದ್ದೆಯಾದರೆ ಬ್ರೇಕ್ ಶೂ ಮೊದಲು ನೀರನ್ನು ಒರೆಸಬೇಕು, ಆಮೇಲೆ ಹಿಡಿತ. ಅಷ್ಟರಲ್ಲಿ ಸೈಕಲ್ ಎಷ್ಟೋ ಮುಂದೆ ಹೋಗಿರ್ತದೆ. ಹಾಗಾಗಿ ಇಳಿಜಾರು ಶುರುವಾಗುವ ಮೊದಲೇ ಎರಡೂ ಬ್ರೇಕನ್ನು ಮೆಲ್ಲಗೆ ಹಿಡಿದು ಬಿಡ್ತಾ ಇರಬೇಕು. ಬಲಗೈಯದ್ದು ಸಾಮಾನ್ಯವಾಗಿ ಮುಂದಿನ ಚಕ್ರದ್ದು. ಅದೊಂದನ್ನೇ ಗಪ್ಪನೆ ಒತ್ತಿದರೆ ಮುಗ್ಗರಿಸ್ತಾರೆ, ಹಿಂದಿನದ್ದನ್ನು ಮಾತ್ರ ಒತ್ತಿದರೆ ಜಾರ್ತದೆ. ಡಿಸ್ಕ್ ಬ್ರೇಕ್ ಆದ್ರೆ ಮಳೆಗೆ ವಾಸಿ. ರಸ್ತೆಯ ಬಿಳಿ ಪಟ್ಟಿ, ಚರಂಡಿಯ ಕಬ್ಬಿಣದ ಜಾಲರಿ, ಕೊಳೆತ ಎಲೆ, ಈ ಮೂರರ ಮೇಲೆ ಮಳೆಯಲ್ಲಿ ತಿರುಗಲೂಬಾರದು, ಬ್ರೇಕೂ ಹಾಕಬಾರದು.

ಒಂದು ಕೈಯಲ್ಲಿ ಕೊಡೆ ಹಿಡಿದು ಬಿಡುವುದು ನಮ್ಮ ಕಡೆ ಮಾಮೂಲಿ. ಅದನ್ನು ಮಕ್ಕಳಿಗೆ ಖಡಾಖಂಡಿತ ಬೇಡ ಅನ್ನಬೇಕು. ಉದ್ದ ರೈನ್‌ಕೋಟು ಚಕ್ರಕ್ಕೆ ಸಿಗ್ತದೆ. ಪ್ಯಾಂಟು-ಅಂಗಿ ಬೇರೆ ಬೇರೆ ಇರುವಂಥದ್ದು ತೆಗೊಳ್ಳಿ, ಕಡು ನೀಲಿ ಬೇಡ, ಹಳದಿ ಇರಲಿ.

ಮಣಿಪಾಲ ಏರು

ನಾನು ದ್ವಿತೀಯ ಪಿಯುಸಿ. ಕುಂಜಿಬೆಟ್ಟಿನಿಂದ ಮಣಿಪಾಲಕ್ಕೆ ಸೈಕಲಲ್ಲೇ ಹತ್ತಿ ಹೋಗ್ತೇನೆ. ಏರು ಸಮಸ್ಯೆಯೇ ಅಲ್ಲ, ಇಳಿದು ತಳ್ಳಿದರೆ ಆಯಿತು. ನಿಜವಾದ ಕಷ್ಟ ಹಿಂದಿನಿಂದ ಬರುವ ಹಾರ್ನ್. ಹೆದರಿ ರಸ್ತೆ ಬಿಟ್ಟು ಮಣ್ಣಿಗೆ ಇಳಿದರೆ ಡಾಮರಿನ ಅಂಚು ಗೇಣುದ್ದ ಕೆಳಗೆ ಇರ್ತದೆ, ಅಲ್ಲೇ ಬೀಳುವುದು. ಹಾರ್ನ್ ಕೇಳಿದ ಕೂಡಲೇ ಹ್ಯಾಂಡಲ್ ಎಳೆಯಬಾರದು, ನೇರ ಹೋಗಬೇಕು ಅಂತ ನನಗೆ ಕಲಿಸಿದ್ದು ಸ್ಕೌಟ್ಸ್ ಮತ್ತು ಗೈಡ್ಸಿನ ಮೇಡಂ. ಅದರಲ್ಲಿ ಸೈಕ್ಲಿಸ್ಟ್ ಬ್ಯಾಡ್ಜ್ ಅಂತಲೇ ಉಂಟು. ಪಂಚರ್ ಹಾಕ್ಲಿಕ್ಕೂ, ಸಂಚಾರ ಚಿಹ್ನೆ ಓದ್ಲಿಕ್ಕೂ ಅಲ್ಲೇ ಕಲಿತದ್ದು. ಎಷ್ಟೋ ಶಾಲೆಗಳಲ್ಲಿ ಸ್ಕೌಟ್ಸ್ ಘಟಕ ಈಗಾಗಲೇ ಇದೆಯಲ್ಲ, ಅದರಿಂದಲೇ ಶುರು ಮಾಡಬಹುದು.

ಸ್ಟೀರಿಂಗ್ ಹಿಂದೆ

ನಾನು ಬಸ್ ಬಿಡುವವನು. ಬಸ್ಸಿನವರ ಮೇಲೆ ಸಿಟ್ಟು ಇರುವುದು ಗೊತ್ತುಂಟು, ನ್ಯಾಯವೂ ಹೌದು. ಟೈಮಿಂಗ್ ಒತ್ತಡ ಕಡಿಮೆಯಾಗದೆ ಡ್ರೈವರ್ ಒಬ್ಬನನ್ನೇ ಬೈದರೆ ಮುಗಿಯುವುದಿಲ್ಲ. ಆದ್ರೆ ಮಕ್ಕಳಿಗೆ ಒಂದು ವಿಷಯ ಖಂಡಿತ ಗೊತ್ತಾಗಬೇಕು: ಬಸ್ಸಿನ ಎಡಬದಿಯಲ್ಲಿ, ಮುಂದಿನ ಬಾಗಿಲಿನ ಹತ್ತಿರ ಇರುವ ಸಣ್ಣ ಸೈಕಲ್ ನಮಗೆ ಕಾಣುವುದೇ ಇಲ್ಲ. ನಿಂತ ಬಸ್ಸಿಗೂ ಫುಟ್‌ಪಾತಿಗೂ ಮಧ್ಯೆ ನುಗ್ಗಬಾರದು. ಬಸ್ ಸ್ಟಾಪಿನಲ್ಲಿದ್ದರೆ ಹಿಂದೆಯೇ ನಿಲ್ಲಿ, ಜನ ಹತ್ತಿ ಇಳಿದು ಮುಗೀಲಿ.

ಶಾಲೆಗಳಿಗೆ ನನ್ನದೊಂದು ಸಲಹೆ. ಮೈದಾನದಲ್ಲಿ ಶಾಲಾ ಬಸ್ಸನ್ನು ನಿಲ್ಲಿಸಿ, ಇಂಜಿನ್ ಆಫ್ ಮಾಡಿ, ಒಬ್ಬೊಬ್ಬ ಮಗುವನ್ನೂ ಡ್ರೈವರ್ ಸೀಟಿನಲ್ಲಿ ಕೂರಿಸಿ. ಸುತ್ತ ಐದಾರು ಮಕ್ಕಳನ್ನು ಸೈಕಲ್ ಜೊತೆ ನಿಲ್ಲಿಸಿ, "ಯಾರ್ಯಾರು ಕಾಣ್ತಾರೆ ಹೇಳು" ಅಂತ ಕೇಳಿ. ಗೆಳೆಯ ಅಲ್ಲೇ ನಿಂತಿದ್ದೂ ಕನ್ನಡಿಯಲ್ಲಿ ಕಾಣದಿದ್ದರೆ ಅದನ್ನು ಅವರು ಜನ್ಮದಲ್ಲಿ ಮರೆಯುವುದಿಲ್ಲ. ಡ್ರೈವರಿಗೆ ಮಕ್ಕಳ ಜೊತೆ ಮಾತಾಡಿದ ಹಾಗೂ ಆಗ್ತದೆ.

ಪಿಟಿ ಮಾಷ್ಟ್ರು, ಕಾಪು ಕಡೆ

ಇದು ಬಹಳ ಒಳ್ಳೆಯ ಮಾತು. ಈ ವರ್ಷ ಮಾಡಿಯೇ ಬಿಡ್ತೇನೆ.

ಮೈದಾನದಲ್ಲಿ ಎಂತ ಕಲಿಸುವುದು ಅಂತ ಕೊಂಚಾಡಿಯ ಅಮ್ಮನವರಿಗೆ ಬೇಕಿತ್ತಲ್ಲ, ನಾನು ಮಾಡಿಸುವುದನ್ನು ಬರೀತೇನೆ. ಬ್ಯಾಲೆನ್ಸ್ ಇಲ್ಲದ ಮಕ್ಕಳಿಗೆ ಪೆಡಲ್ ಎರಡನ್ನೂ ಕಳಚಿ, ಸೀಟ್ ಇಳಿಸಿ, ಕಾಲಲ್ಲಿ ನೆಲ ಒದ್ದುಕೊಂಡು ಹೋಗ್ಲಿಕ್ಕೆ ಬಿಡ್ತೇನೆ. ಹಿಂದೆ ಹಿಡಿದುಕೊಂಡು ಓಡುವುದಕ್ಕಿಂತ ಬೇಗ ಬರ್ತದೆ. ಬಿಡ್ಲಿಕ್ಕೆ ಬರುವವರಿಗೆ ಸುಣ್ಣದ ಗೆರೆ. ಗೆರೆಯ ಮೇಲೆ ನೇರ ಹೋಗ್ತಾ ಬಲಭುಜದ ಮೇಲಿಂದ ಹಿಂದೆ ನೋಡಿ, ನಾನು ಎಷ್ಟು ಬೆರಳು ತೋರಿಸಿದೆ ಅಂತ ಹೇಳಬೇಕು. ಹೆಚ್ಚಿನವರು ಹಿಂದೆ ನೋಡುವಾಗ ಗೆರೆ ಬಿಟ್ಟು ಬಲಕ್ಕೆ ವಾಲ್ತಾರೆ. ರಸ್ತೆಯಲ್ಲಾದರೆ ಅಲ್ಲೇ ಹಿಂದಿನ ಗಾಡಿ ಇರುವುದು. ಇದೊಂದು ಸರಿಯಾಗುವ ತನಕ ಮುಂದಕ್ಕೆ ಹೋಗುವುದಿಲ್ಲ. ಆಮೇಲೆ ಒಂದು ಕೈ ಬಿಟ್ಟು ಸಿಗ್ನಲ್, ಸೀಟಿ ಊದಿದಲ್ಲಿ ನಿಲ್ಲುವುದು, ನಿಲ್ಲಿಸಿದ ಕಾರಿನಿಂದ ಬಾಗಿಲಿನಷ್ಟು ದೂರ ಇಟ್ಟುಕೊಂಡು ಹೋಗುವುದು.

ಅಲ್ಲಿಗೆ ಒಂದು ಹಂತ. ಮುಂದೆ ಶಾಲೆಯ ಸುತ್ತಲಿನ ಒಳರಸ್ತೆಯಲ್ಲಿ ನಾಲ್ಕೈದು ಮಕ್ಕಳ ಗುಂಪು, ಮುಂದೊಬ್ಬ ದೊಡ್ಡವರು, ಹಿಂದೊಬ್ಬರು. ಹತ್ತು ವಯಸ್ಸಿನ ಒಳಗಿನ ಮಕ್ಕಳಿಗೆ ಎದುರು ಬರುವ ಗಾಡಿಯ ವೇಗ ಸರಿಯಾಗಿ ಅಂದಾಜು ಆಗುವುದಿಲ್ಲ, ಹಾಗಾಗಿ ಐದನೇ ಕ್ಲಾಸಿನವರೆಗೆ ರಸ್ತೆಗೆ ಒಬ್ಬರನ್ನೇ ಕಳಿಸುವ ಮಾತೇ ಬೇಡ. ನಿಮ್ಮ ಮಗಳು ಸದ್ಯ ಮೈದಾನದಲ್ಲೇ ಇರಲಿ, ಅಮ್ಮ.

ಸಮಯ ಎಲ್ಲಿಂದ ಅಂತ ಶಾಲೆಯವರು ಕೇಳ್ತಾರೆ. 2020ರ ಶಿಕ್ಷಣ ನೀತಿಯಲ್ಲಿ ಆರರಿಂದ ಎಂಟನೇ ಕ್ಲಾಸಿಗೆ ಹತ್ತು ದಿನ ಬ್ಯಾಗಿಲ್ಲದ ಕಲಿಕೆಯ ಮಾತು ಉಂಟು. ನೀತಿಯ ವಾದ ಏನೇ ಇರಲಿ, ಶನಿವಾರದ ಒಂದು ಪೀರಿಯಡ್ ಸಿಕ್ಕಿದರೂ ನನಗೆ ಸಾಕು.

ನಂತೂರು ನಿವಾಸಿ

ಮಾಷ್ಟ್ರೇ, ನೀವು ಮೈದಾನದಲ್ಲಿ ಕಲಿಸುವುದಕ್ಕೆ ನನ್ನ ವಿರೋಧ ಇಲ್ಲ. ಆದ್ರೆ ಕಲಿತ ಮಗುವಿಗೆ ಧೈರ್ಯ ಬರ್ತದೆ, ಧೈರ್ಯ ಬಂದ ಮಗು ದೊಡ್ಡ ರಸ್ತೆಗೆ ಇಳೀತದೆ. ರಸ್ತೆ ಹಾಗೆಯೇ ಇರ್ತದೆ. ಗಾಡಿಯವರ ವೇಗ ತಗ್ಗಿಸದೆ ಮಕ್ಕಳ ತಲೆಗೆ ಹೆಲ್ಮೆಟ್ ಹಾಕಿ ಕಳಿಸುವುದು ಯಾವ ನ್ಯಾಯ?

ಸುರತ್ಕಲ್ ಸಿವಿಲ್

ನಂತೂರಿನವರ ಈ ಪ್ರಶ್ನೆಗೆ ಉತ್ತರ ಕೊಡಲೇಬೇಕು. ನಾನು ರಸ್ತೆ ಕೆಲಸದಲ್ಲಿದ್ದು ನಿವೃತ್ತನಾದವನು. ಗಂಟೆಗೆ 50 ಕಿಲೋಮೀಟರ್ ವೇಗದ ಗಾಡಿ ಒಂದು ಸೆಕೆಂಡಿನಲ್ಲಿ ಸುಮಾರು 14 ಮೀಟರ್ ಸಾಗುತ್ತದೆ. 30 ಕಿಲೋಮೀಟರಿಗೆ ಬರೀ 8 ಮೀಟರ್. ಚಾಲಕ ಮಗುವನ್ನು ಕಂಡು ಬ್ರೇಕಿಗೆ ಕಾಲಿಡುವಷ್ಟರಲ್ಲೇ ಸುಮಾರು ಒಂದು ಸೆಕೆಂಡ್ ಹೋಗಿರುತ್ತದೆ. ಗಾಡಿಗಳೂ ಮಕ್ಕಳೂ ಬೆರೆಯುವ ಕಡೆ 30ರ ಮಿತಿ ಇರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಈ ಲೆಕ್ಕದ ಮೇಲೆಯೇ. ಬೋರ್ಡ್ ಹಾಕಿದ ಮಾತ್ರಕ್ಕೆ ವೇಗ ಇಳಿಯುವುದಿಲ್ಲ. ಶಾಲೆಯ ಗೇಟಿನ ಎದುರು ದಾಟುವ ಜಾಗವನ್ನೇ ಫುಟ್‌ಪಾತಿನ ಮಟ್ಟಕ್ಕೆ ಎತ್ತರಿಸಿದರೆ ಗಾಡಿ ತಾನಾಗಿ ನಿಧಾನವಾಗುತ್ತದೆ. ಚಪ್ಪಟೆ, ಅಗಲದ ಉಬ್ಬು ಅದು. ಈಗ ರಾತ್ರೋರಾತ್ರಿ ಹಾಕುವ ಚೂಪು ಹಂಪ್‌ಗಳು ಸೈಕಲ್ ಸವಾರರನ್ನೇ ಬೀಳಿಸುತ್ತವೆ.

ಯಾರಿಗೆ ಬರೆಯುವುದು ಎಂಬುದೂ ಮುಖ್ಯ. ಒಂದೇ ದಾರಿಯಲ್ಲಿ ಹೆದ್ದಾರಿ ಪ್ರಾಧಿಕಾರ, ಲೋಕೋಪಯೋಗಿ ಇಲಾಖೆ, ಪಾಲಿಕೆ ಅಥವಾ ಪಂಚಾಯತ್ ಮೂರರದ್ದೂ ತುಂಡುಗಳಿರುತ್ತವೆ. ತಪ್ಪು ಕಚೇರಿಗೆ ಹೋದ ಅರ್ಜಿ ಅಲ್ಲೇ ಮಲಗುತ್ತದೆ. ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿ ಇದೆ, ಪೊಲೀಸ್, ಸಾರಿಗೆ, ರಸ್ತೆ ಇಲಾಖೆ ಎಲ್ಲ ಅಲ್ಲಿ ಸೇರುತ್ತಾರೆ. ಪೋಷಕರೊಬ್ಬರ ಪತ್ರಕ್ಕಿಂತ ಶಾಲೆಯ ಲೆಟರ್‌ಹೆಡ್ಡಿನಲ್ಲಿ, ನಕ್ಷೆ ಸಮೇತ ಹೋದ ಪತ್ರಕ್ಕೆ ತೂಕ ಹೆಚ್ಚು. ನಕ್ಷೆಯನ್ನು ಮಕ್ಕಳಿಂದಲೇ ಮಾಡಿಸಿ: ಮನೆಯಿಂದ ಶಾಲೆಗೆ ದಾರಿ ಬರೆದು, ಹೆದರಿಕೆ ಆಗುವ ಜಾಗಕ್ಕೆ ಕೆಂಪು ಚುಕ್ಕಿ. ಹಲವು ಮಕ್ಕಳ ಚುಕ್ಕಿ ಒಂದೇ ತಿರುವಿನ ಮೇಲೆ ಬಿದ್ದರೆ ಮೊದಲು ಸರಿಯಾಗಬೇಕಾದದ್ದು ಅದೇ.

ತುರ್ತು ವಿಭಾಗದ ನರ್ಸ್

ಹೆಲ್ಮೆಟ್ ಮಾತು ಬಂತು ಅಂತ ಬರೀತಿದ್ದೇನೆ. ವೇಗ ತಗ್ಗಿಸುವುದು ಮೊದಲು, ಒಪ್ಪಿದೆ. ಆದ್ರೂ ಬಿದ್ದ ಮಗುವಿನ ತಲೆ ಉಳಿಯುವುದು ಮುಖ್ಯ. ಅಪ್ಪನ ಬೈಕ್ ಹೆಲ್ಮೆಟ್ ಹಾಕಿಸಬೇಡಿ. ಭಾರ, ಸಡಿಲ, ಕಿವಿಯೂ ಮುಚ್ಚುತ್ತದೆ. ಸೈಕಲಿನ ಹೆಲ್ಮೆಟ್ ಬೇರೆಯೇ ಸಿಗ್ತದೆ, ಒಳಗಿನ ಚೀಟಿಯಲ್ಲಿ ಇಎನ್ 1078 (EN 1078, ಯುರೋಪಿನ ಸುರಕ್ಷತಾ ಗುರುತು) ಅಥವಾ ಸಿಪಿಎಸ್‌ಸಿ (CPSC, ಅಮೆರಿಕದ್ದು) ಅಂತ ಇದೆಯಾ ನೋಡಿ. ಹುಬ್ಬಿನಿಂದ ಎರಡು ಬೆರಳು ಮೇಲೆ ಕೂರಬೇಕು, ಪಟ್ಟಿ ಕಿವಿಯ ಕೆಳಗೆ ಸೇರಬೇಕು, ಗದ್ದದಡಿ ಒಂದೆರಡು ಬೆರಳು ಮಾತ್ರ ಹೋಗಬೇಕು. ಜೋರಾಗಿ ಪೆಟ್ಟು ಬಿದ್ದ ಹೆಲ್ಮೆಟನ್ನು ಮತ್ತೆ ಬಳಸಬಾರದು, ಹೊರಗೆ ಬಿರುಕು ಕಾಣದಿದ್ದರೂ.

ಇನ್ನೊಂದು ಮಾತು. ಸೈಕಲ್ ಅಪಾಯ ಅನ್ನುವ ಮನೆಯವರೇ ಒಂಬತ್ತನೇ ಕ್ಲಾಸಿನ ಮಗನ ಕೈಗೆ ಸ್ಕೂಟರಿನ ಕೀ ಕೊಡುವುದನ್ನು ನೋಡ್ತೇನೆ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ಪ್ರಕಾರ ಅದಕ್ಕೆ ಪೋಷಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಸಿಕ್ಕಿಬಿದ್ದ ಮಗುವಿಗೆ 25 ವಯಸ್ಸಿನವರೆಗೆ ಲೈಸೆನ್ಸೂ ಇಲ್ಲ. ದಯವಿಟ್ಟು ಕೊಡಬೇಡಿ.

ಕೊಂಚಾಡಿಯ ಅಮ್ಮ

ಸಭೆ ಮುಗಿಸಿ ಬಂದೆ. ನಿಮ್ಮೆಲ್ಲರ ಮಾತನ್ನು ಒಂದು ಕಾಗದದಲ್ಲಿ ಬರೆದು ಕೊಟ್ಟಿದ್ದೆ. ಸೈಕಲ್ ತರಬಾರದು ಅನ್ನುವ ನಿಯಮ ಸದ್ಯಕ್ಕೆ ತೆಗೆಯುವುದಿಲ್ಲ ಅಂದ್ರು. ಆದ್ರೆ ಆರು-ಏಳನೇ ಕ್ಲಾಸಿಗೆ ಮೈದಾನದ ತರಬೇತಿಗೆ ಒಪ್ಪಿದ್ದಾರೆ, ಮಳೆ ಮುಗಿದು ದಸರಾ ರಜೆ ಆದ ಮೇಲೆ. ಬಸ್ಸಿನ ಸೀಟಿನ ಆಟ ಹೆಡ್ ಮೇಡಂಗೆ ತುಂಬ ಇಷ್ಟ ಆಯಿತು. ನಕ್ಷೆಯನ್ನು ಸಮಾಜ ಟೀಚರ್ ಮಾಡಿಸ್ತಾರಂತೆ.

ಜವಾಬ್ದಾರಿ ಯಾರದ್ದು ಅನ್ನುವ ಪ್ರಶ್ನೆ ಮತ್ತೆ ಬಂತು. ಬಾರ್ಸಿಲೋನಾದಲ್ಲಿ 2021ರಿಂದ ಶುಕ್ರವಾರ ಬೆಳಿಗ್ಗೆ ಪೋಷಕರೇ ಮುಂದೆ ಹಿಂದೆ ನಿಂತು ಮಕ್ಕಳನ್ನು ಗುಂಪಾಗಿ ಸೈಕಲಲ್ಲಿ ಶಾಲೆಗೆ ಕರ್ಕೊಂಡು ಹೋಗ್ತಾರೆ, ನಾವೂ ತಿಂಗಳಿಗೊಂದು ಶನಿವಾರ ಹಾಗೆ ಮಾಡ್ತೇವೆ, ದಾರಿಯ ಜವಾಬ್ದಾರಿ ಸಹಿ ಹಾಕಿದ ಪೋಷಕರದ್ದು ಅಂತ ಹೇಳಿದೆ. ತರಬೇತಿ ನೋಡಿ ಹೇಳ್ತೇವೆ ಅಂದ್ರು. ಸಹಿ ಹಾಕ್ಲಿಕ್ಕೆ ಸಭೆಯಲ್ಲೇ ಕೆಲವರು ಮುಂದೆ ಬಂದಿದ್ದಾರೆ.

ನಂತೂರು ನಿವಾಸಿ

ಹೆದ್ದಾರಿ ದಾಟುವ ಮಕ್ಕಳನ್ನು ಆ ಗುಂಪಿಗೆ ಸೇರಿಸುವುದಿಲ್ಲ ಅಂತ ಕಾಗದದಲ್ಲೇ ಬರೆಸಿ ಅಕ್ಕ. ಉಳಿದದ್ದಕ್ಕೆ ನನ್ನ ತಕರಾರಿಲ್ಲ.

ಕೊಂಚಾಡಿಯ ಅಮ್ಮ

ಬರೆಸ್ತೇನೆ. ಈಗ ಇನ್ನೊಂದು ಪ್ರಶ್ನೆ. ಏಳನೇ ಕ್ಲಾಸಲ್ಲಿ ಸೈಕಲ್ ಇಲ್ಲದ ಮಕ್ಕಳೂ ಉಂಟು. ಅವರನ್ನು ಬದಿಯಲ್ಲಿ ಕೂರಿಸಿ ಉಳಿದವರಿಗೆ ಕಲಿಸ್ಲಿಕ್ಕೆ ನನಗೆ ಮನಸ್ಸು ಬರುವುದಿಲ್ಲ.

ಚೈನು-ಪೆಡಲು (ಸೈಕಲ್ ಅಂಗಡಿ)

ಫ್ಲ್ಯಾಟುಗಳ ಕೆಳಗೆ ನೋಡಿ ಅಮ್ಮ, ಮಕ್ಕಳು ದೊಡ್ಡವರಾಗಿ ಬಿಟ್ಟುಹೋದ ಸೈಕಲುಗಳು ತುಕ್ಕು ಹಿಡೀತಾ ಇರ್ತವೆ. ಅಸೋಸಿಯೇಷನ್ನಿನವರಿಗೆ ಹೇಳಿ ಶಾಲೆಗೆ ತರಿಸಿ. 20 ಇಂಚಿನದ್ದೂ 24 ಇಂಚಿನದ್ದೂ ಎರಡೂ ಬೇಕಾಗ್ತದೆ. ಫ್ರೇಮು, ರಿಮ್ಮು ನೆಟ್ಟಗಿದ್ದರೆ ಉಳಿದದ್ದು ನನ್ನ ಕೆಲಸ. ಬ್ರೇಕ್ ಶೂ, ಕೇಬಲ್, ಟ್ಯೂಬಿನ ಅಸಲು ಮಾತ್ರ ಕೊಡಿ, ಕೂಲಿ ಬೇಡ. ತರಬೇತಿಯ ಹಿಂದಿನ ದಿನ ಪಂಪು, ಪಾನ ತೆಗೊಂಡು ಬರ್ತೇನೆ. ಮಕ್ಕಳು ತಂದ ಎಲ್ಲ ಸೈಕಲಿನ ಗಾಳಿ, ಬ್ರೇಕು, ಚೈನು ನೋಡುವ. ಬ್ರೇಕ್ ಹಿಡಿಯದ ಸೈಕಲನ್ನು ಮಾತ್ರ ಯಾರು ಎಷ್ಟು ಕೇಳಿದರೂ ಮೈದಾನಕ್ಕೆ ಬಿಡ್ಲಿಕ್ಕಿಲ್ಲ.

ಪಿಟಿ ಮಾಷ್ಟ್ರು, ಕಾಪು ಕಡೆ

ಕೋನ್ ಬೇಕಾದರೆ ನಮ್ಮ ಶಾಲೆಯಲ್ಲುಂಟು, ಸುಣ್ಣದ ಪುಡಿ ಅಲ್ಲಿ ತೆಗೊಳ್ಳಿ. ದಿನ ಗೊತ್ತಾದ ಕೂಡಲೇ ಇಲ್ಲಿ ಹಾಕಿ, ಶನಿವಾರ ಆದ್ರೆ ಮಧ್ಯಾಹ್ನದ ಮೇಲೆ ನಾನೇ ಬರ್ತೇನೆ.